ಸಂಬಳದ ಗಂಟು ಬೇರೆ, ಕಂಪನಿಯ ಗಂಟು ಬೇರೆ

ಅಡತಿ ಅಂಗಡಿ, ಎಣ್ಣೆಗಾಣ, ಮಗ್ಗ ಮೊದಲಾದ ಕಾಯಕಗಳು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಇಂದು ಅವುಗಳಲ್ಲಿ ಕೆಲವು ಪ್ರೈವೇಟ್ ಲಿಮಿಟೆಡ್ ಕಂಪನಿಗಳಾಗಿವೆ. ಮಗನೋ ಸೊಸೆಯೋ ಹೊರಗೆ ನೌಕರಿಯಲ್ಲಿದ್ದು, ಮನೆಯ ಕಂಪನಿಗೆ ನಿರ್ದೇಶಕರೂ ಆಗಿರುವುದುಂಟು. ಇಂಥ ಮನೆಗಳ ಆದಾಯ ತೆರಿಗೆಯ ಲೆಕ್ಕವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯುತ್ತಿದ್ದೇವೆ.

ಗೊಂದಲಕ್ಕೆಲ್ಲ ಮೂಲ, “ಕಂಪನಿ ನಮ್ಮದು, ಅದರ ಹಣವೂ ನಮ್ಮದೇ” ಎಂಬ ಭಾವನೆ. ಕಾನೂನು ಹಾಗೆಣಿಸುವುದಿಲ್ಲ. ಲಂಡನ್ನಿನ ಪಾದರಕ್ಷೆಯ ವ್ಯಾಪಾರಿ ಸಾಲೊಮನ್ ಎಂಬವರ ಮೊಕದ್ದಮೆಯಲ್ಲಿ, ಕಂಪನಿ ಬೇರೆ, ಅದರ ಷೇರುದಾರ ಬೇರೆ ಎಂದು 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ನಮ್ಮ ದೇಶವೂ ಅದೇ ತತ್ತ್ವವನ್ನು ಅನುಸರಿಸುತ್ತದೆ. ಕಂಪನಿಯು ತನ್ನ ಲಾಭಕ್ಕೆ ತಾನೇ ತೆರಿಗೆ ಕಟ್ಟಿ, ತನ್ನದೇ ರಿಟರ್ನ್ ಸಲ್ಲಿಸಬೇಕು. ಅದರ ನಷ್ಟವನ್ನು ನಮ್ಮ ಸಂಬಳದಲ್ಲಿ ಕಳೆಯಲು ಬಾರದು.

ಕಂಪನಿಯ ಹಣ ಮನೆಗೆ ಬರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು, ದುಡಿಮೆಗೆ ಸಲ್ಲುವ ಸಂಬಳ. ಹೊರಗಿನ ನೌಕರಿಯಲ್ಲಿ ವರ್ಷಕ್ಕೆ 9 ಲಕ್ಷ, ಮನೆಯ ಕಂಪನಿಯಲ್ಲಿ 6 ಲಕ್ಷ ರೂಪಾಯಿ ಬರುತ್ತದೆಂದು ಇಟ್ಟುಕೊಳ್ಳೋಣ. 2025-26ನೇ ಆರ್ಥಿಕ ವರ್ಷದ ಹೊಸ ಪದ್ಧತಿಯಂತೆ ಇಬ್ಬರೂ ತಮ್ಮಷ್ಟಕ್ಕೆ ಲೆಕ್ಕ ಹಾಕಿದರೆ ತೆರಿಗೆಯೇ ಇಲ್ಲ. ಆದರೆ ಎರಡನ್ನೂ ಕೂಡಿಸಿ, 75,000 ರೂಪಾಯಿಗಳ ಪ್ರಮಾಣಿತ ಕಡಿತವನ್ನು ಒಮ್ಮೆ ಮಾತ್ರ ಕಳೆದರೆ, ಸೆಸ್ ಸೇರಿ 97,500 ರೂಪಾಯಿ ತೆರಿಗೆ ಬೀಳುತ್ತದೆ. ಆದುದರಿಂದ ಕಂಪನಿಯ ಸಂಬಳದ ವಿವರವನ್ನು ಹೊರಗಿನ ಕಚೇರಿಗೆ ಮೊದಲೇ ಬರೆದು ಕೊಡುವುದು ಲೇಸು. ಇಲ್ಲವಾದರೆ ಕಡಿತದ ನಂತರವೂ 10,000 ರೂಪಾಯಿ ಅಥವಾ ಹೆಚ್ಚು ಬಾಕಿ ಉಳಿಯುವವರು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ರೊಳಗೆ ಮುಂಗಡ ತೆರಿಗೆಯ ಕಂತು ಕಟ್ಟಬೇಕು. ತಪ್ಪಿದರೆ ಬಡ್ಡಿ.

ಎರಡನೆಯದು ಲಾಭಾಂಶ. 2020ರ ಏಪ್ರಿಲ್ 1ಕ್ಕೆ ಮೊದಲು ಇದರ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಅಂದಿನಿಂದ ಪಡೆದವರ ಆದಾಯಕ್ಕೆ ಅದು ಸೇರುತ್ತದೆ.

ಮೂರನೆಯದು ಸಾಲ. ಮನೆಗಳು ಹೆಚ್ಚು ಎಡವುವುದು ಇಲ್ಲಿಯೇ. ಶೇಕಡಾ 10 ಅಥವಾ ಹೆಚ್ಚು ಮತಾಧಿಕಾರವುಳ್ಳ ಷೇರುದಾರರಿಗೆ ಇಂಥ ಖಾಸಗಿ ಕಂಪನಿ ಕೊಟ್ಟ ಸಾಲವನ್ನು, ಅದರ ಸಂಚಿತ ಲಾಭದ ಮಿತಿಯವರೆಗೆ, ಕಾನೂನು ಲಾಭಾಂಶವೆಂದೇ ಎಣಿಸುತ್ತದೆ. ಸಾಲ ಕೊಡುವುದೇ ಕಂಪನಿಯ ಕಸುಬಾಗಿದ್ದರೆ ಮಾತು ಬೇರೆ. ಮಗಳ ಮದುವೆಗೆಂದು 8 ಲಕ್ಷ ತೆಗೆದು, ಸುಗ್ಗಿ ಮುಗಿದೊಡನೆ ಮರಳಿ ತುಂಬಿದರೂ, ಅಷ್ಟು ಸಂಚಿತ ಲಾಭವಿದ್ದಲ್ಲಿ, ಆ 8 ಲಕ್ಷವೂ ತಂದೆಯ ಆದಾಯವೇ. ಅದೇ ವರ್ಷ ತೀರಿಸಿದರೂ ವಿನಾಯಿತಿಯಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಮದುವೆಯ ಖರ್ಚಿನ ಮೇಲೆ ತೆರಿಗೆಯ ಹೊರೆಯನ್ನೂ ಹೊರುವುದಕ್ಕಿಂತ, ಹಣ ತೆಗೆಯುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಮೇಲು.

ಇನ್ನೊಂದು ಎಚ್ಚರಿಕೆ. ನೌಕರರಿಗೆ ಸುಲಭವಾದ ಐಟಿಆರ್-1 ನಮೂನೆಯನ್ನು ಕಂಪನಿಯ ನಿರ್ದೇಶಕರು ಬಳಸುವಂತಿಲ್ಲ. ಷೇರುಪೇಟೆಯಲ್ಲಿ ನೋಂದಣಿಯಾಗದ ಷೇರುಗಳುಳ್ಳವರಿಗೂ ಇದೇ ನಿಯಮ. ಬೇರೆ ವ್ಯಾಪಾರದ ಆದಾಯವಿಲ್ಲದಿದ್ದರೆ ಐಟಿಆರ್-2 ತುಂಬಬೇಕು. ಕಂಪನಿಯ ರಿಟರ್ನ್ ಐಟಿಆರ್-6ರಲ್ಲಿ ಪ್ರತ್ಯೇಕವಾಗಿ ಹೋಗುತ್ತದೆ.

ಗೃಹಿಣಿಯರಿಗೂ ಒಂದು ಮಾತು. ನಿರ್ದೇಶಕರೆಂದು ನಿಮ್ಮ ಹೆಸರಿದ್ದರೆ, ಓದದೆ ಸಹಿ ಹಾಕಬೇಡಿರಿ. ಹೆಸರಿನೊಡನೆ ಹೊಣೆಯೂ ಬರುತ್ತದೆ.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಕೈಯಲ್ಲಿರುವ ಹಣವೆಲ್ಲ ತನ್ನದಲ್ಲವೆಂಬ ಅರಿವು ಭಂಡಾರಿಗೆ ಬೇಕಾದ ಮೊದಲ ಗುಣ. ಮನೆಯ ಹರಕೆಯ ಕಾಣಿಕೆಯನ್ನು ಕಂಪನಿಯ ಖರ್ಚಿನಲ್ಲಿ ಬರೆದರೆ ಅದು ದಾಸೋಹವಾಗದು. ಮೊದಲು ನ್ಯಾಯವಾಗಿ ಸಂಬಳ ಪಡೆದು, ತೆರಿಗೆ ಸಲ್ಲಿಸಿ, ಉಳಿದುದರಲ್ಲಿ ಕೊಟ್ಟುದು ಅಲ್ಪವಾದರೂ ಕಾಯಕದ ಹಣ. ಅಣ್ಣತಮ್ಮಂದಿರ ನಡುವೆ ನಾಳೆ ಮಾತು ಬಾರದಂತೆ ಕಾಯುವುದೂ ಇಂಥ ಶುದ್ಧ ಲೆಕ್ಕವೇ.