ದಂಡದ ಸುದ್ದಿ, ದಾಹದ ಮೌನ

2024ರ ಮಾರ್ಚ್ ತಿಂಗಳಲ್ಲಿ, ಬರದ ನಡುವೆ, ಬೆಂಗಳೂರು ಜಲಮಂಡಳಿಯು ಒಂದು ಆದೇಶ ಹೊರಡಿಸಿತು. ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ನಿರ್ಮಾಣಕ್ಕೆ, ಕಾರಂಜಿಗೆ ಕುಡಿಯುವ ನೀರನ್ನು ಬಳಸಕೂಡದು. ಮೀರಿದರೆ 5,000 ರೂಪಾಯಿ ದಂಡ. ಕೆಲವೇ ದಿನಗಳಲ್ಲಿ 22 ಕುಟುಂಬಗಳಿಂದ 1.1 ಲಕ್ಷ ರೂಪಾಯಿ ವಸೂಲಾದ ಸುದ್ದಿಯನ್ನು ಪತ್ರಿಕೆಗಳೂ ವಾಹಿನಿಗಳೂ ಊರಿಗೆಲ್ಲ ಸಾರಿದವು. ಆದೇಶ ಸರಿಯಾದದ್ದೇ, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಸುದ್ದಿಯ ಕಣ್ಣು ಎಲ್ಲಿ ನಿಂತಿತು ಎಂಬುದರ ಬಗ್ಗೆ.

ದಂಡ ತೆರುವವನಿಗೆ ಕಾರು ಇದೆ, ಕೈತೋಟವಿದೆ, ಎಲ್ಲಕ್ಕಿಂತ ಮಿಗಿಲಾಗಿ ಮನೆಯಲ್ಲಿ ನಲ್ಲಿಯಿದೆ. ನಲ್ಲಿಯೇ ಇಲ್ಲದವರ ಗತಿಯೇನು? 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ಅವುಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್ 16ರಂದು. ನಡುವೆ ಕಳೆದದ್ದು 17 ವರ್ಷಗಳು! ಅಷ್ಟು ಕಾಲ ಆ ಜನ ನಂಬಿದ್ದು ಕೊಳವೆಬಾವಿಯನ್ನು, ಟ್ಯಾಂಕರನ್ನು. ಆ ಬೇಸಿಗೆಯಲ್ಲಿ ನಗರದ 13,900 ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿವೆಯೆಂದು ಸರ್ಕಾರವೇ ಹೇಳಿತು. ಇವರ ಮೇಲೆ ನಿರ್ಬಂಧ ಹೇರಲು ಯಾವ ಆದೇಶಪತ್ರವೂ ಬೇಕಿರಲಿಲ್ಲ.

ಆದರೆ ಚರ್ಚೆಯಾದದ್ದೇನು? ಸಾಫ್ಟ್‌ವೇರ್ ನೌಕರರು ಊರು ಬಿಡುತ್ತಾರೆಯೇ, ಹೋಳಿಯ ದಿನ ಹೋಟೆಲುಗಳಲ್ಲಿ ಮಳೆನೃತ್ಯ ನಡೆಯುವುದೇ ಎಂಬುದು. ಜಿಲ್ಲಾಡಳಿತವು 5 ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ದರ ಗೊತ್ತುಪಡಿಸಿದ್ದು ಸುದ್ದಿಯಾಯಿತು. ಆ ದರಕ್ಕೆ ನೀರು ಯಾವ ಬೀದಿಗೆ ಬಂತು, ಯಾವ ಬೀದಿಗೆ ಬರಲಿಲ್ಲ ಎಂದು ದಿನದಿನವೂ ಕೇಳುವುದು ಪತ್ರಿಕಾಧರ್ಮವಾಗಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದ ಆ ವರ್ಷ, ರಾಜಧಾನಿಯ ಬಾಯಾರಿಕೆಯೊಂದೇ ನಾಡಿನ ಬಾಯಾರಿಕೆಯೆಂಬಂತೆ ತೋರಿಸಿದ್ದು ನ್ಯಾಯವೇ?

ಖಾಲಿ ಕೊಡಗಳ ಸಾಲಿನಲ್ಲಿ ನಿಂತು ವರದಿ ಮಾಡಿದ ಪ್ರಾಮಾಣಿಕ ವರದಿಗಾರರೂ ಇದ್ದರು. ಅವರಿಗೆ ವಂದನೆ ಸಲ್ಲಬೇಕು. ಆದರೆ ಮೊದಲ ಮಳೆ ಬಿದ್ದೊಡನೆ ಅವರ ವಿಷಯಕ್ಕೆ ಜಾಗವಿಲ್ಲದಾಯಿತು. "ಓದುಗರು ಬಯಸುವುದನ್ನೇ ಕೊಡುತ್ತೇವೆ" ಎಂಬುದು ಸಂಪಾದಕರ ಹಳೆಯ ಸಮರ್ಥನೆ. ಹಸಿದವನಿಗೆ ಬತ್ತಾಸು ಕೊಟ್ಟು, ಅವನು ತಿಂದನಲ್ಲ ಎಂದು ವಾದಿಸಿದಂತಿದೆ ಇದು. ಬರವು ಮೂರು ತಿಂಗಳ ತಮಾಷೆಯಲ್ಲ. ಮಳೆ ತಪ್ಪಿದ ವರ್ಷ ಬಯಲಾಗುವ, ಹಲವು ವರ್ಷಗಳ ಅಲಕ್ಷ್ಯ.

ಪ್ರಿಯ ಓದುಗರೇ, ಪತ್ರಿಕೆಗೆ ಹಣ ತೆರುವವರು ನಾವು. ಆದುದರಿಂದ ಕೇಳುವ ಹಕ್ಕೂ ನಮ್ಮದು. ಮಳೆಗಾಲದಲ್ಲಿಯೇ ಸಂಪಾದಕರಿಗೆ ಒಂದು ಪತ್ರ ಬರೆಯೋಣ: ಆ 110 ಹಳ್ಳಿಗಳಲ್ಲಿ ಎಷ್ಟು ಮನೆಗಳಿಗೆ ಕೊಳವೆ ಬಂದಿದೆ? ಬಂದ ಕೊಳವೆಯಲ್ಲಿ ನೀರು ಬರುತ್ತಿದೆಯೇ? ಉತ್ತರ ಅಚ್ಚಾಗುವವರೆಗೆ ಬರೆಯುತ್ತಲೇ ಇರೋಣ.