ಊದಿದ ಕಾಲಿಗೂ ಒಂದು ಲೆಕ್ಕ ಬೇಕು

ಬನಾರಸಿ ಸೀರೆ ಕೊಳ್ಳಲು ವಾರಾಣಸಿಗೆ ಬರುವ ನಮ್ಮೂರಿನವರು ಜರಿಯ ಅಂಚನ್ನು ನೋಡುತ್ತಾರೆ. ಅದನ್ನು ನೇಯ್ದವರ ಕಾಲನ್ನು ನೋಡುವ ಪ್ರಸಂಗ ಬರುವುದಿಲ್ಲ. ಗುಂಡಿಮಗ್ಗದ ನೇಕಾರ ನೆಲದ ಮಟ್ಟದಲ್ಲಿ ಕುಳಿತು, ಕಾಲನ್ನು ಗುಂಡಿಗೆ ಇಳಿಬಿಟ್ಟು, ದಿನವಿಡೀ ಹಲಗೆ ತುಳಿಯುತ್ತಾನೆ. ಆ ಕಾಲು ಊದಿಕೊಂಡರೆ ಕೆಲಸ ನಿಂತಿತು, ಕೂಲಿಯೂ ನಿಂತಿತು.

ನಾನು ಬಾಡಿಗೆಗಿರುವ ಬೀದಿಯಲ್ಲಿ ಎಲ್ಲರೂ ಚಾಚಾ ಎಂದು ಕರೆಯುವ ಹಿರಿಯ ನೇಕಾರರೊಬ್ಬರಿದ್ದಾರೆ. ಅವರ ಎಡಗಾಲಿಗೆ ಆನೆಕಾಲು ರೋಗ. ಇಲ್ಲಿಯವರು ಹಾಥಿಪಾಂವ್ ಎನ್ನುತ್ತಾರೆ. ಹೇಗಿದೆ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: ‘ಠೀಕ್ ಹೈ.’ ಔಷಧದ ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಒಂದರಲ್ಲೂ ಕಾಲಿನ ಅಳತೆ ಇಲ್ಲ. ಕಾಲು ಇಳಿದಿದೆಯೋ ಏರಿದೆಯೋ ಎಂಬುದು ಅಂದಾಜಿನ ಮಾತು. ರಕ್ತದೊತ್ತಡಕ್ಕೆ, ಸಕ್ಕರೆಗೆ ಸಂಖ್ಯೆ ಇರುವ ಕಾಲದಲ್ಲಿ ಈ ರೋಗಕ್ಕೆ ಮಾತ್ರ ಏಕಿಲ್ಲ?

ಆನೆಕಾಲು ಹೊಸ ರೋಗವಲ್ಲ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಹುಳುವಿನ ಮರಿಗಳನ್ನು ದೇಹಕ್ಕೆ ದಾಟಿಸುತ್ತದೆ. ಬೆಳೆದ ಹುಳುಗಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ನೆಲೆಸಿ ಅವನ್ನು ಕೆಡಿಸುತ್ತವೆ. ದ್ರವ ಹರಿಯದೆ ಕಾಲಿನಲ್ಲೇ ನಿಲ್ಲುತ್ತದೆ. ದೇಶದಲ್ಲಿ ಇದರ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. ಕೇಂದ್ರ ಸರ್ಕಾರದ ಮೂರು ಫೈಲೇರಿಯಾ ತರಬೇತಿ ಮತ್ತು ಸಂಶೋಧನಾ ಕೇಂದ್ರಗಳಲ್ಲಿ ಒಂದು ವಾರಾಣಸಿಯಲ್ಲೇ ಇದೆ. ಉಳಿದೆರಡು ಕೋಯಿಕ್ಕೋಡ್ ಮತ್ತು ರಾಜಮಹೇಂದ್ರಿಯಲ್ಲಿ. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಸೀಮೆಗೂ, ಕರಾವಳಿಗೂ ಈ ರೋಗ ಅಪರಿಚಿತವಲ್ಲ.

2027ರೊಳಗೆ ನಿರ್ಮೂಲನೆ ಎಂಬುದು ಸರ್ಕಾರದ ಗುರಿ. ಅದಕ್ಕಾಗಿ ವರ್ಷಕ್ಕೊಮ್ಮೆ ಮನೆಮನೆಗೆ ಮಾತ್ರೆ ಹಂಚುತ್ತಾರೆ, ರಕ್ತ ಪರೀಕ್ಷೆ ನಡೆಸಿ ಸೋಂಕು ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಇದು ಆಗಲೇಬೇಕಾದ ಕೆಲಸ. ಆದರೆ ಸೋಂಕು ಹರಡುವುದು ನಿಂತ ಮಾತ್ರಕ್ಕೆ ಈಗಾಗಲೇ ಊದಿರುವ ಕಾಲು ಇಳಿಯುವುದಿಲ್ಲ. ಜಿಲ್ಲೆ ರೋಗಮುಕ್ತ ಎಂದು ಘೋಷಣೆಯಾದ ದಿನವೂ ಚಾಚಾ ಅದೇ ಕಾಲನ್ನು ಎಳೆದುಕೊಂಡೇ ಹೋಗಬೇಕು. ಇಂಥವರ ಪಟ್ಟಿ ಆರೋಗ್ಯ ಇಲಾಖೆಯಲ್ಲಿ ಇರುತ್ತದೆ. ಕಾಲು ತೊಳೆಯಲು ಟಬ್, ಮಗ್, ಸೋಪು, ಟವೆಲ್, ಮುಲಾಮು ಇರುವ ಕಿಟ್ಟನ್ನೂ ಕೊಡುತ್ತಾರೆ. ಕೊಟ್ಟ ಕಿಟ್ಟುಗಳ ಲೆಕ್ಕ ಸಿಗುತ್ತದೆ. ಅದರಿಂದ ಕಾಲು ಎಷ್ಟು ಇಳಿಯಿತು ಎಂಬ ಲೆಕ್ಕವೂ ಅದರ ಪಕ್ಕದಲ್ಲಿ ಇರಬೇಡವೇ?

ಅಳೆಯುವುದು ಸುಲಭವಲ್ಲ, ನಿಜ. ನೀರು ತುಂಬಿದ ತೊಟ್ಟಿಯಲ್ಲಿ ಕಾಲಿಳಿಸಿ ಹೊರಚೆಲ್ಲಿದ ನೀರನ್ನು ಅಳೆಯುವುದು ಹಳೆಯ, ನಂಬಿಕಸ್ಥ ವಿಧಾನ. ಆದರೆ ಹುಣ್ಣಿರುವವರಿಗೆ ಅದು ಆಗದು. ಪ್ರತಿಯೊಬ್ಬರಿಗೂ ತೊಟ್ಟಿ ತೊಳೆದು ಹೊಸ ನೀರು ತುಂಬಬೇಕು. ಇನ್ನೊಂದು ವಿಧಾನ ಟೇಪಿನದು. ಕಾಲುದ್ದಕ್ಕೂ ಇಂತಿಷ್ಟು ಸೆಂಟಿಮೀಟರಿಗೊಮ್ಮೆ ಸುತ್ತಳತೆ ತೆಗೆದು, ಪ್ರತಿ ತುಂಡನ್ನೂ ತಲೆ ಕತ್ತರಿಸಿದ ಶಂಕುವೆಂದು ಭಾವಿಸಿ ಗಾತ್ರ ಕೂಡಿಸುವುದು. ಒಬ್ಬರು ಟೇಪನ್ನು ಬಿಗಿ ಹಿಡಿದರೆ ಇನ್ನೊಬ್ಬರು ಸಡಿಲ ಹಿಡಿಯುತ್ತಾರೆ.

ಮೂರನೆಯದು ಟ್ಯಾಬ್ಲೆಟ್‌ಗೆ ಸಿಕ್ಕಿಸುವ ಸಣ್ಣ ಇನ್‌ಫ್ರಾರೆಡ್ ಸೆನ್ಸರ್. ಕಣ್ಣಿಗೆ ಕಾಣದ ಬೆಳಕಿನ ಚುಕ್ಕಿಗಳನ್ನು ಕಾಲಿನ ಮೇಲೆ ಬೀರಿ, ಅವು ಬಿದ್ದ ಬಗೆಯಿಂದ ದೂರ ಲೆಕ್ಕಹಾಕಿ, ಕಾಲಿನ ಮೂರು ಆಯಾಮದ ಆಕಾರವನ್ನು ಕಟ್ಟುತ್ತದೆ. ಕಾಲನ್ನು ಮುಟ್ಟುವ ಅಗತ್ಯವೇ ಇಲ್ಲ. ಶ್ರೀಲಂಕಾದ ಆನೆಕಾಲು ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರ ಅಳತೆ ನೀರಿನ ಅಳತೆಗೆ ಚೆನ್ನಾಗಿ ತಾಳೆಯಾಯಿತು. ನೀರಿಗೆ ಸುಮಾರು 17 ನಿಮಿಷ, ಟೇಪಿಗೆ 7 ನಿಮಿಷ ಹಿಡಿದರೆ ಇದಕ್ಕೆ ಹಿಡಿದದ್ದು ಸುಮಾರು 2 ನಿಮಿಷ. 2020ರಿಂದೀಚೆಗೆ ದುಬಾರಿ ಫೋನುಗಳಲ್ಲೇ ಲೈಡಾರ್ ಸೆನ್ಸರ್ ಬರುತ್ತಿರುವುದರಿಂದ ಈ ತಂತ್ರಜ್ಞಾನ ಈಗ ಪ್ರಯೋಗಾಲಯದ ಸೊತ್ತಾಗಿ ಉಳಿದಿಲ್ಲ.

ಇದಕ್ಕೂ ಮಿತಿಗಳಿವೆ. ಚರ್ಮದ ಆಳವಾದ ಮಡಿಕೆಯೊಳಗೆ ಬೆಳಕು ಹೋಗದು, ಅಂಗಾಲು ಕಾಣದು. ಅಳೆಯುವಾಗ ರೋಗಿ ಅಲುಗಾಡಬಾರದು. ಬೆಳಗ್ಗಿಗಿಂತ ಸಂಜೆ ಬಾವು ಹೆಚ್ಚಿರುವುದರಿಂದ ಪ್ರತಿ ಬಾರಿಯೂ ಒಂದೇ ಹೊತ್ತಿಗೆ ಅಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ಯಾನರ್ ಯಾರ ಕಾಲನ್ನೂ ಗುಣಪಡಿಸುವುದಿಲ್ಲ. ದಿನವೂ ಸೋಪು ಹಚ್ಚಿ ತೊಳೆದು, ಬೆರಳ ಸಂದು ಒರೆಸಿ, ಕಾಲೆತ್ತಿ ಇಟ್ಟುಕೊಂಡು, ವೈದ್ಯರು ಹೇಳಿದಂತೆ ಬ್ಯಾಂಡೇಜು ಕಟ್ಟುವ ಶ್ರಮವೇ ಚಿಕಿತ್ಸೆ. ಹಾಗಿದ್ದರೆ ಅಳತೆ ಏಕೆ? ಈ ಶ್ರಮ ಜೀವನಪರ್ಯಂತದ್ದು. ಫಲ ಕಾಣದಿದ್ದರೆ ಮನುಷ್ಯ ಮೂರನೇ ತಿಂಗಳಿಗೆ ಕೈಬಿಡುತ್ತಾನೆ. ‘ನಿಮ್ಮ ಕಾಲು ಅರ್ಧ ಲೀಟರ್ ಇಳಿದಿದೆ’ ಎಂದು ತೋರಿಸಿದರೆ ನಾಳೆಯೂ ತೊಳೆಯುತ್ತಾನೆ. ಒಂದು ಲೀಟರ್ ಬಾವು ಎಂದರೆ ಹೆಚ್ಚುಕಡಿಮೆ ಒಂದು ಕಿಲೋ ಭಾರ. ಅದನ್ನು ಹೊತ್ತು ಮಗ್ಗ ತುಳಿಯುವವನಿಗೆ ಅರ್ಧ ಲೀಟರೂ ಸಣ್ಣದಲ್ಲ.

ಚಿಕಿತ್ಸೆಯ ಅನುಭವಕ್ಕೆ ನಾವು ದೂರ ಹೋಗಬೇಕಿಲ್ಲ. 1999ರಲ್ಲಿ ಆರಂಭವಾದ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ, ಯೋಗ, ಬ್ಯಾಂಡೇಜು ಮತ್ತು ಆಧುನಿಕ ಚರ್ಮಚಿಕಿತ್ಸೆಯನ್ನು ಜೊತೆಗೂಡಿಸಿ ಆನೆಕಾಲಿಗೆ ಚಿಕಿತ್ಸೆ ಕೊಡುತ್ತಿದೆ. ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಇದನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗರ ನಡುವೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯಲ್ಲೇ ಮಾಡಿಕೊಳ್ಳುವ ಆರೈಕೆಯಿಂದಲೂ ಕಾಲು ಇಳಿಯುತ್ತದೆ ಎಂದು ಅವರು ಹೇಳಲು ಸಾಧ್ಯವಾದದ್ದು ಅಳೆದದ್ದರಿಂದಲೇ.

ಆದ್ದರಿಂದ ಕೇಳಬೇಕಾದದ್ದು ಇಷ್ಟೇ. ರೋಗವಿರುವ ಪ್ರತಿ ಜಿಲ್ಲೆಗೆ ಒಂದೆರಡು ಸ್ಕ್ಯಾನರ್, ಅವು ಬರುವತನಕ ಪ್ರತಿ ಆರೋಗ್ಯ ಕೇಂದ್ರದಲ್ಲಿ ಒಂದು ಟೇಪು, ಆರು ತಿಂಗಳಿಗೊಮ್ಮೆ ಅಳತೆ, ರೋಗಿಯ ಕೈಗೂ ಅದರ ಪ್ರತಿ. ಕಾಲಿನ ಚಿತ್ರ ರೋಗಿಯ ಸ್ವಂತದ್ದು. ಒಪ್ಪಿಗೆಯಿಲ್ಲದೆ ಅದು ಬೇರೆಡೆ ಹೋಗಕೂಡದು. ಆಶಾ ಕಾರ್ಯಕರ್ತೆಯರು ಬಳಸಬಹುದಾದ ಕನ್ನಡದ, ಹಿಂದಿಯ ಸರಳ ಆ್ಯಪ್ ಬರೆಯುವುದು ಊರು ಬಿಟ್ಟು ಬಂದ ನಮ್ಮಂಥ ಇಂಜಿನಿಯರುಗಳ ಕೈಗೆ ಮೀರಿದ ಕೆಲಸವಲ್ಲ. ಶಂಕುವಿನ ಸೂತ್ರ ನಾವೆಲ್ಲ ಹೈಸ್ಕೂಲಿನಲ್ಲಿ ಕಲಿತದ್ದೇ. ರಜೆಗೆ ಊರಿಗೆ ಹೋದಾಗ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ: ಆನೆಕಾಲಿನವರ ಪಟ್ಟಿ ಇದೆಯೇ, ಅದರಲ್ಲಿ ಅಳತೆಯ ಕಾಲಂ ಇದೆಯೇ?