ಫುಟ್‌ಬಾಲ್ ತಂಡಕ್ಕೆ ಯಜಮಾನ ಯಾರು?



ವಿಜಯವಾಡ ಮತ್ತು ವಿಶಾಖಪಟ್ಟಣದ ನಮ್ಮ ಹುಡುಗರು ಒಂದು ಫುಟ್‌ಬಾಲ್ ತಂಡ ಕಟ್ಟಬೇಕೆಂದು ಸಂಘದ ಮುಂದೆ ಬಂದಿದ್ದಾರೆ. ಬಹಳ ಸಂತೋಷದ ಸಂಗತಿ. ಸುದ್ದಿ ತಿಳಿದ ಹೋಟೆಲ್ ಮಾಲಿಕರೊಬ್ಬರು, ಬನಿಯನ್ನು, ಬೂಟು, ಚೆಂಡು ಎಲ್ಲವನ್ನೂ ನಾನೇ ಕೊಡಿಸುತ್ತೇನೆ, ತಂಡಕ್ಕೆ ನನ್ನ ಹೋಟೆಲಿನ ಹೆಸರಿಡಿ ಎಂದು ಹೇಳಿ ಕಳುಹಿಸಿದ್ದಾರೆ. ಕೊಡುವವರು ಕೊಡುವಾಗ ತೆಗೆದುಕೊಂಡರೆ ತಪ್ಪೇನು ಎಂದು ಅನೇಕರು ಕೇಳುತ್ತಿದ್ದಾರೆ. ಕೈ ಚಾಚುವ ಮೊದಲು ಮೂರು ತಂಡಗಳ ಕಥೆಯನ್ನು ಕೇಳಿ ಎಂಬುದು ನನ್ನ ಬಿನ್ನಹ. ಮೂರೂ ಒಂದು ಕಾಲಕ್ಕೆ ಮೆರೆದ ತಂಡಗಳು. ಮೂರೂ ಇಳಿದವು. ಏಕೆ ಇಳಿದವು ಎಂಬುದೇ ನಮಗೆ ಬೇಕಾದ ಪಾಠ.

ಮೊದಲನೆಯದು ನಮ್ಮ ಬೆಂಗಳೂರಿನದು. ಹಳೆಯ ಮದರಾಸು ರಸ್ತೆಯಲ್ಲಿ, ಕೃಷ್ಣರಾಜಪುರದ ಬಳಿ ದೂರವಾಣಿನಗರವಿದೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಜನರ ಬಾಯಲ್ಲಿ ಐ.ಟಿ.ಐ., 1948ರಲ್ಲಿ ಪ್ರಾರಂಭವಾದ ಸರ್ಕಾರಿ ಕಾರ್ಖಾನೆ. ಹೋಟೆಲಿನ ಗಲ್ಲಾದ ಮೇಲೆ ಹಿಂದೆ ಕೂತಿರುತ್ತಿದ್ದ, ಬೆರಳಿಟ್ಟು ತಿರುಗಿಸುವ ಕರಿಯ ಟೆಲಿಫೋನು ಇದೆಯಲ್ಲ, ಅಂಥವನ್ನು ಮಾಡಿದ ಕೈಗಳು ಅಲ್ಲಿಯವು. ಆ ಕಾರ್ಖಾನೆಗೆ ಒಂದು ಫುಟ್‌ಬಾಲ್ ತಂಡವಿತ್ತು. 1977ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ಫೆಡರೇಷನ್ ಕಪ್ ಪಂದ್ಯಾವಳಿ ನಡೆದಾಗ, ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೋಹನ್ ಬಾಗಾನನ್ನು 1-0 ಗೋಲಿನಿಂದ ಸೋಲಿಸಿ ಕಪ್ಪು ಗೆದ್ದದ್ದು ಈ ಐ.ಟಿ.ಐ. ತಂಡ.

ಆ ಮೋಹನ್ ಬಾಗಾನ್ ಸಾಮಾನ್ಯ ತಂಡವೆಂದು ತಿಳಿಯಬೇಡಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೆಲೆ ಆಡಿದ ನ್ಯೂಯಾರ್ಕಿನ ಕಾಸ್ಮಾಸ್ ತಂಡದೊಡನೆ ಈಡನ್ ಗಾರ್ಡನ್ಸಿನಲ್ಲಿ 2-2 ಸಮ ಮಾಡಿಕೊಂಡ ತಂಡ ಅದು. ಅಂಥವರನ್ನು ಟೆಲಿಫೋನು ಕಾರ್ಖಾನೆಯ ತಂಡ ಬಗ್ಗಿಸಿತು! ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತಿದು. ಆದರೂ ಓದಿದಾಗ ಎದೆ ಉಬ್ಬುತ್ತದೆ.

ಇಂಥ ತಂಡದ ಬುಡ ಯಾವುದು? ಕಾರ್ಖಾನೆಯ ನೌಕರಿ. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಆಟ ಮುಗಿದ ಮೇಲೂ ಅವನ ಮನೆಯ ಒಲೆ ಉರಿಯುತ್ತಿತ್ತು. ಇದು ಸಣ್ಣ ಉಪಕಾರವಲ್ಲ, ಇದನ್ನು ನಾವು ಮರೆಯಬಾರದು. ಆದರೆ 1991ರ ನಂತರ ಮಾರುಕಟ್ಟೆ ತೆರೆಯಿತು. ಖಾಸಗಿ ಮತ್ತು ಪರದೇಶದ ಸಾಮಾನುಗಳು ಬಂದವು, ಹಿಂದೆಯೇ ಮೊಬೈಲು ಬಂತು. ಕಾರ್ಖಾನೆ ನಷ್ಟಕ್ಕೆ ಬಿತ್ತು. ನಿವೃತ್ತರಾದವರ ಜಾಗಗಳು ತುಂಬದೆ ಉಳಿದವು. ಹೊಸ ಕೆಲಸಗಾರನಿಲ್ಲದ ಕಾರ್ಖಾನೆಗೆ ಹೊಸ ಆಟಗಾರ ಎಲ್ಲಿಂದ ಬರಬೇಕು? ಕಾರ್ಖಾನೆ ಇನ್ನೂ ಇದೆ. ಆದರೆ ದೇಶವೇ ತಿರುಗಿ ನೋಡುವಂಥ ತಂಡ ಅಲ್ಲಿಲ್ಲ.

ಬೆಂಗಳೂರಿನ ವಿಮಾನ ಕಾರ್ಖಾನೆಯ ಎಚ್.ಎ.ಎಲ್. ತಂಡವೂ ದೇಶದ ಮೇಲಿನ ಐ-ಲೀಗಿನಲ್ಲಿ ಎರಡು ಸಾಲು ಆಡಿ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಜೆ.ಎಸ್.ಡಬ್ಲ್ಯು. ಕಂಪನಿಯವರು ಬೆಂಗಳೂರು ಎಫ್.ಸಿ. ಕಟ್ಟಿದರು. ಅದು ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದಿತು. ಗೆಲ್ಲಲಿ, ನಮ್ಮೂರ ಹೆಸರೇ. ಆದರೆ ಪಾಳಿ ಮುಗಿಸಿ ಬಂದು ಬೂಟು ಕಟ್ಟುವ ಕೆಲಸಗಾರನಿಗೆ ಅದರಲ್ಲಿ ಜಾಗವಿಲ್ಲ.

ಎರಡನೆಯ ಕಥೆ ನಾವು ದುಡಿಯುವ ಈ ತೆಲುಗು ಸೀಮೆಯದು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಅದನ್ನು ಪಳಗಿಸಿದವರು ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾ ಮೇಷ್ಟ್ರು. ಅವರ ಕೈಕೆಳಗೆ ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಗಿ ನಿಂತಿತು. 1963ರಲ್ಲಿ ರಹೀಮ್ ತೀರಿಕೊಂಡರು. ಅತ್ತ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಹೈದರಾಬಾದಿನ ಒಳ್ಳೊಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕರೆದುಕೊಂಡವು. ತುಳಸೀದಾಸ್ ಬಲರಾಮ್ ಹೋದದ್ದು ಅಲ್ಲಿಗೇ, ನಯೀಮುದ್ದೀನ್ ಮತ್ತು ಹಬೀಬ್ ಹೋದದ್ದೂ ಅಲ್ಲಿಗೇ. ಆಟಗಾರರನ್ನು ದೂರುವಂತಿಲ್ಲ. ಹೆಚ್ಚು ಸಂಬಳ ಕೊಡುವ ಹೋಟೆಲಿಗೆ ನಾವು ಹೋಗುವುದಿಲ್ಲವೇ? ಆದರೆ ಒಬ್ಬ ಗುರುವಿನ ಮೇಲೆ, ಒಂದು ಇಲಾಖೆಯ ಮೇಲೆ ನಿಂತ ಆಟ ಎಷ್ಟು ದಿನ ನಿಂತೀತು?

ಮೂರನೆಯದು ಇಂಗ್ಲೆಂಡಿನದು. ದೂರದ ಮಾತೆಂದು ಪುಟ ತಿರುಗಿಸಬೇಡಿ. ಇದು ಹತ್ತಿಗಿರಣಿಯವರ ಕಥೆ. ಮ್ಯಾಂಚೆಸ್ಟರಿನ ಪಕ್ಕದಲ್ಲಿ ಬರಿ ಎಂಬ ಗಿರಣಿ ಊರಿದೆ. ಆ ದೇಶದಲ್ಲಿ 1850ರ ಕಾರ್ಖಾನೆ ಕಾಯಿದೆ ಬಂದು, ಬಟ್ಟೆಗಿರಣಿಯ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಿಸಬೇಕಾಯಿತು. ಬರಬರುತ್ತ ಉಳಿದವರಿಗೂ ಆ ಅರ್ಧ ದಿನದ ಬಿಡುವು ಸಿಕ್ಕಿತು. ಶನಿವಾರ ಮೂರು ಗಂಟೆಯ ಫುಟ್‌ಬಾಲ್ ಬೆಳೆದದ್ದು ಆ ಬಿಡುವಿನಲ್ಲಿ. ಬರಿ ಊರಿನವರು 1885ರಲ್ಲಿ ಕ್ಲಬ್ಬು ಕಟ್ಟಿದರು. 1900ರಲ್ಲಿ ಮತ್ತು 1903ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಗೆದ್ದರು. ಎರಡನೆಯ ಸಲ ಅಂತಿಮ ಪಂದ್ಯದಲ್ಲಿ ಡರ್ಬಿ ತಂಡಕ್ಕೆ 6-0!

ಮುಂದೆ ಆ ಕ್ಲಬ್ಬು ಕೆಳಗಿನ ಡಿವಿಷನ್ನುಗಳಿಗೆ ಇಳಿಯಿತು. ಇಳಿದರೂ ಊರಿನವರು ಕೈಬಿಡಲಿಲ್ಲ. ಕೈಬಿಟ್ಟದ್ದು ಲೆಕ್ಕ. ಸಾಲದ ಮೇಲೆ ಸಾಲ ಬಿದ್ದು, 2018ರ ಡಿಸೆಂಬರಿನಲ್ಲಿ ಒಬ್ಬ ಮಾಲಿಕ ಇನ್ನೊಬ್ಬನಿಗೆ ಕ್ಲಬ್ಬನ್ನು ಒಂದೇ ಒಂದು ಪೌಂಡಿಗೆ ಮಾರಿದ. 2019ರಲ್ಲಿ ಆಟಗಾರರು ಸಂಬಳವಿಲ್ಲದೆ ಆಡಿಯೂ ಒಂದು ಡಿವಿಷನ್ ಮೇಲೇರಿಸಿದರು. ಫಲವೇನು? ಹಣದ ಭರವಸೆ ತೋರಿಸಲಾಗಲಿಲ್ಲವೆಂದು ಅದೇ ವರ್ಷ ಆಗಸ್ಟ್ 27ರಂದು ಲೀಗಿನವರು ಕ್ಲಬ್ಬನ್ನೇ ಹೊರಹಾಕಿದರು. 125 ವರ್ಷದ ಸದಸ್ಯತ್ವ ಒಂದು ಸಂಜೆಯಲ್ಲಿ ಮುಗಿಯಿತು. ದುಡಿದವರಿಗೆ ಬಟವಾಡೆ ಇಲ್ಲ, ನೋಡುವವರಿಗೆ ಆಟವಿಲ್ಲ.

ಆದರೆ ಈ ಕಥೆ ಇಲ್ಲಿಗೆ ನಿಲ್ಲಲಿಲ್ಲ. ಊರಿನ ಅಭಿಮಾನಿಗಳು ಸೇರಿ ತಮ್ಮದೇ ಹೊಸ ಕ್ಲಬ್ಬು ಕಟ್ಟಿ, ಕೆಳಗಿನ ಮೆಟ್ಟಿಲಿನಿಂದ ಆಡಲು ತೊಡಗಿದರು. 2022ರಲ್ಲಿ, ಸರ್ಕಾರದ ನಿಧಿಯ ನೆರವೂ ಸೇರಿ, ಹಳೆಯ ಗಿಗ್ ಲೇನ್ ಮೈದಾನ ಅಭಿಮಾನಿಗಳ ಕೈಗೆ ಬಂತು. 2023ರಲ್ಲಿ ಅಭಿಮಾನಿಗಳ ಎರಡು ಬಣಗಳೂ ಮತ ಹಾಕಿ ಒಂದಾದವು. ಬರಿ ಹೆಸರಿನ ತಂಡ ಅದೇ ಮೈದಾನದಲ್ಲಿ ಮತ್ತೆ ಆಡಿತು. ಅದು ಆಡಿದ್ದು ಬಹಳ ಕೆಳಗಿನ ಲೀಗಿನಲ್ಲಿ, ನಿಜ. ಆದರೆ ಇನ್ನು ಒಬ್ಬನ ಜೇಬು ಹರಿದರೆ ಊರಿನ ಆಟ ಬೀಳಬೇಕಾಗಿಲ್ಲ.

ಮೂರು ಕಥೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದು ತಂಡ ಕಂಪನಿಯನ್ನು ನಂಬಿತು, ಒಂದು ಗುರುವನ್ನು ಮತ್ತು ಇಲಾಖೆಯನ್ನು ನಂಬಿತು, ಒಂದು ಹಣವಂತನನ್ನು ನಂಬಿತು. ಎದ್ದು ನಿಂತದ್ದು ಯಾವುದು? ಆಡುವವರೂ ನೋಡುವವರೂ ತಮ್ಮದೆಂದು ಎತ್ತಿಕೊಂಡದ್ದು. ಒಡೆತನದ ಪ್ರಶ್ನೆ ಸಣ್ಣದಲ್ಲವೆಂದು ವಿಶಾಖಪಟ್ಟಣದ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. 2021ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಖಾಸಗಿಯವರಿಗೆ ಕೊಡುವ ನಿರ್ಧಾರವಾದಾಗ ಗಾಜುವಾಕದ ಬೀದಿಗಳು ಏನು ಕೂಗಿದವೆಂದು ಅವರೇ ಕೇಳಿದ್ದಾರೆ.

ಹಾಗಾದರೆ ನಮ್ಮ ತಂಡದ ಮಾತೇನು? ಮಾಲಿಕರ ಮೇಲೆ ನನಗೆ ದ್ವೇಷವಿಲ್ಲ. ಅವರು ಚೆಂಡು ಕೊಟ್ಟರೆ ರಸೀತಿ ಬರೆದು, ವಂದನೆ ಹೇಳಿ ತೆಗೆದುಕೊಳ್ಳೋಣ. ಹೆಸರನ್ನು ಮಾತ್ರ ಕೊಡುವುದು ಬೇಡ. ನಾಳೆ ಅವರು ಹೋಟೆಲು ಮಾರಬಹುದು. ಇಲ್ಲವೆ ಕೂಲಿ ಹೆಚ್ಚಿಸಿ ಎಂದು ನಾವು ಕೇಳಿದ ದಿನ, ಬನಿಯನ್ನು ಬಿಚ್ಚಿಡಿ ಎನ್ನಬಹುದು. ಆಗ ತಂಡ ಎಲ್ಲಿರುತ್ತದೆ?

ನನ್ನ ಸಲಹೆ ಇಷ್ಟೆ. ತಂಡ ಸಂಘದ ಹೆಸರಿನಲ್ಲಿರಲಿ. ಪ್ರತಿಯೊಬ್ಬ ಸದಸ್ಯನೂ ಬಟವಾಡೆಯ ದಿನ ಕೈಲಾದಷ್ಟು ವಂತಿಗೆ ಕೊಡಲಿ. ಸಪ್ಲಾಯರ್, ಕ್ಲೀನರ್, ಅಡಿಗೆಯವರು, ಗಿರಣಿಯವರು ಎಲ್ಲರಿಂದಲೂ ಆರಿಸಿದ ಸಮಿತಿ ಇರಲಿ. ಲೆಕ್ಕಪತ್ರವನ್ನು ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಲಿ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ನಡುವೆ ನಮಗೆ ಸ್ವಲ್ಪ ಬಿಡುವಿದೆ. ಅಭ್ಯಾಸ ಆಗಲೇ ನಡೆಯಲಿ. ವಾರದ ರಜೆಯ ಹಕ್ಕನ್ನೂ ಬಿಡದೆ ಕೇಳೋಣ, ಏಕೆಂದರೆ ಬಿಡುವಿಲ್ಲದವನಿಗೆ ಆಟವೂ ಇಲ್ಲ.

ನಮ್ಮ ತಂಡ ಕಪ್ಪು ಗೆಲ್ಲದೆ ಹೋಗಬಹುದು. ಮೊದಲ ವರ್ಷ ಎಲ್ಲರ ಕೈಲೂ ಸೋಲಬಹುದು. ಆದರೆ ಸೋತರೂ ಅದು ನಮ್ಮದಾಗಿ ಸೋಲಲಿ. ಮುಂದಿನ ಸಭೆಗೆ ತಪ್ಪದೆ ಬನ್ನಿ, ನಿಮ್ಮ ಅಭಿಪ್ರಾಯ ಹೇಳಿ, ವಂತಿಗೆಯ ಮೊದಲ ರಸೀತಿ ಅಲ್ಲಿಯೇ ಹರಿಯಲಿ.